ನ್ಯಾಯಾಧೀಶರ ವೇತನ ಮತ್ತು ಅಚೌರ್ಯ ವ್ರತ

ದಶಲಕ್ಷಣ ಪರ್ವದ ಉತ್ತಮ ಶೌಚದ ದಿನ. ಸ್ವಾಧ್ಯಾಯ ಮುಗಿಸಿ ಬಸದಿಯ ಜಗಲಿಯಲ್ಲಿ ನಾಲ್ಕಾರು ಮಂದಿ ಕುಳಿತಿದ್ದೆವು. ಲೋಭವನ್ನು ತೊರೆಯುವುದೇ ನಿಜವಾದ ಶೌಚ, ಮೈ ತೊಳೆದ ಮಾತ್ರಕ್ಕೆ ಅದು ಸಿದ್ಧಿಸದು ಎಂದು ಪಂಡಿತರು ಆಗತಾನೆ ವಿವರಿಸಿದ್ದರು. ಪೀಣ್ಯದಲ್ಲಿ ನನ್ನಂತೆಯೇ ಕಬ್ಬಿಣದ ವ್ಯಾಪಾರ ನಡೆಸುವ ಮಿತ್ರರೊಬ್ಬರು ಅದೇ ಗುಂಗಿನಲ್ಲಿ ಕೇಳಿದರು: "ಲೋಭ ಬಿಡುವುದೇ ಶೌಚವೆಂದಾದರೆ, ನ್ಯಾಯಾಧೀಶರು ತಮ್ಮ ಸಂಬಳ ಹೆಚ್ಚಿಸಬೇಕೆಂದು ತಮ್ಮದೇ ನ್ಯಾಯಾಲಯದಲ್ಲಿ ಆಜ್ಞೆ ಮಾಡಿಕೊಂಡದ್ದನ್ನು ಏನೆನ್ನೋಣ? ಅಷ್ಟು ಕೊಟ್ಟ ಮೇಲೂ ಲಂಚದ ಸುದ್ದಿ ನಿಂತಿದೆಯೇ? ತಾವು ಓದಿದವರು, ತಾವೇ ಹೇಳಿ."

ಕೂಡಲೇ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಹಳೆಯ ತೀರ್ಪುಗಳನ್ನೂ ಶ್ರಾವಕಾಚಾರದ ಗ್ರಂಥಗಳನ್ನೂ ಮುಂದಿಟ್ಟುಕೊಂಡು ಯೋಚಿಸಿದುದರ ಫಲ ಈ ಬರಹ. ಮಿತ್ರರ ಮಾತಿನಲ್ಲಿ ವಾಸ್ತವವಾಗಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ. ನ್ಯಾಯ ಹೇಳುವವರಿಗೆ ಹೆಚ್ಚು ಕೊಡುವುದು ಏತಕ್ಕೆ ಎಂಬುದು ಒಂದು. ಎಷ್ಟು ಕೊಡಬೇಕೆಂದು ನಿಶ್ಚಯಿಸುವವರು ಯಾರು ಎಂಬುದು ಇನ್ನೊಂದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಉತ್ತರ ಸಿಕ್ಕುವುದಿಲ್ಲ.

ಮೊದಲು ಸಂಗತಿಗಳು. ಸರ್ವೋಚ್ಚ ನ್ಯಾಯಾಲಯ ಮತ್ತು ಉಚ್ಚ ನ್ಯಾಯಾಲಯಗಳ ನ್ಯಾಯಮೂರ್ತಿಗಳ ವೇತನವನ್ನು ಸಂಸತ್ತು ಕಾನೂನಿನ ಮೂಲಕ ಗೊತ್ತುಪಡಿಸುತ್ತದೆ. ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳ ನ್ಯಾಯಾಧೀಶರದು ಬೇರೆಯ ಕಥೆ. ಅವರಿಗೆ ವೇತನ ಕೊಡುವುದು ರಾಜ್ಯ ಸರಕಾರ. ಆದರೆ ಕಳೆದ ಮೂರು ದಶಕಗಳಿಂದ ಆ ವೇತನವು ಏರಿದ್ದು ಸರ್ವೋಚ್ಚ ನ್ಯಾಯಾಲಯದ ಆಜ್ಞೆಗಳಿಂದ. ನನ್ನ ಮಿತ್ರರು ಹೇಳಿದ್ದು ಈ ಎರಡನೆಯ ವರ್ಗದ ಮಾತು. ಎರಡನೆಯ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಶಿಫಾರಸನ್ನು 2016ರ ಜನವರಿ 1ರಿಂದ ಅನ್ವಯವಾಗುವಂತೆ ಜಾರಿಗೊಳಿಸಬೇಕೆಂದು ಆ ನ್ಯಾಯಾಲಯವು 2022ರ ಜುಲೈ 27ರಂದು ಆದೇಶಿಸಿತು. ಹೊಸದಾಗಿ ಸೇರುವ ಸಿವಿಲ್ ನ್ಯಾಯಾಧೀಶರ ಮೂಲ ವೇತನ 27,700 ರೂಪಾಯಿ ಇದ್ದದ್ದು 77,840 ಆಯಿತು. ಸಂಖ್ಯೆಯನ್ನು ಮಾತ್ರ ನೋಡಿದವರಿಗೆ ಕಣ್ಣು ಕುಕ್ಕುವುದು ಸಹಜ.

ವ್ಯಾಪಾರಿಯಾದವನು ಸಂಖ್ಯೆಯ ಹಿಂದಿನ ತೂಕವನ್ನು ನೋಡಬೇಕು. 1950ರಲ್ಲಿ ಸಂವಿಧಾನ ಜಾರಿಗೆ ಬಂದಾಗ ಅದರ ಎರಡನೆಯ ಅನುಸೂಚಿಯಲ್ಲಿಯೇ ನ್ಯಾಯಮೂರ್ತಿಗಳ ವೇತನವನ್ನು ನಮೂದಿಸಲಾಗಿತ್ತು. ಭಾರತದ ಮುಖ್ಯ ನ್ಯಾಯಮೂರ್ತಿಗೆ ತಿಂಗಳಿಗೆ 5,000 ರೂಪಾಯಿ. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗೆ 3,500. ಆ ಕಾಲಕ್ಕೆ ಅದು ದೊಡ್ಡ ಮೊತ್ತವೇ ಸರಿ. ಈ ವೇತನವನ್ನು ಸಂಚಿತ ನಿಧಿಯ ಮೇಲೆ ಪ್ರಭೃತವಾದ ವೆಚ್ಚವೆಂದು ಮಾಡಿ, ಸದನದ ಮತಕ್ಕೆ ಅದನ್ನು ಹಾಕದಂತೆಯೂ ಸಂವಿಧಾನಕರ್ತರು ಏರ್ಪಡಿಸಿದರು. ತೀರ್ಪಿನಿಂದ ಕೋಪಗೊಂಡ ಶಾಸಕರು ಆಯವ್ಯಯದ ದಿನ ಸೇಡು ತೀರಿಸಿಕೊಳ್ಳಬಾರದಲ್ಲವೇ? ನೇಮಕವಾದ ಬಳಿಕ ನ್ಯಾಯಮೂರ್ತಿಯ ಹಕ್ಕು ಸವಲತ್ತುಗಳನ್ನು ಅವರಿಗೆ ಅಹಿತವಾಗುವಂತೆ ಬದಲಿಸಬಾರದೆಂಬ ನಿಯಮವೂ ಇದೆ. ಹಣಕಾಸಿನ ತುರ್ತು ಪರಿಸ್ಥಿತಿಯಲ್ಲಿ ಮಾತ್ರ ವೇತನ ಇಳಿಸಲು ಅವಕಾಶವುಂಟು. ಇಂಗ್ಲೆಂಡಿನವರು 1701ರ ಶಾಸನದಲ್ಲಿ ನ್ಯಾಯಾಧೀಶರ ಸಂಬಳವನ್ನು ನಿಶ್ಚಿತಗೊಳಿಸಬೇಕೆಂದು ಬರೆದಾಗಿನಿಂದ ಸಾಗಿ ಬಂದ ವಿವೇಕವಿದು.

ಈ ಕೋಟೆ ಭದ್ರವಾಗಿಯೇ ಇತ್ತು. ಆದರೂ ಒಳಗಿದ್ದದ್ದು ಕರಗಿತು. 1950ರಲ್ಲಿ ನಿಶ್ಚಯವಾದ ಆ 3,500 ರೂಪಾಯಿ 1986ರವರೆಗೆ ಹಾಗೆಯೇ ಇತ್ತು. ಬೇರೆ ಸೌಲಭ್ಯಗಳು ನಡುವೆ ಸೇರಿಕೊಂಡವೆಂಬುದು ನಿಜ. ಮೂಲ ವೇತನ ಮಾತ್ರ 36 ವರ್ಷ ಅಲುಗಲಿಲ್ಲ. 54ನೆಯ ತಿದ್ದುಪಡಿ ಬಂದ ಮೇಲೆ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗೆ 8,000, ಭಾರತದ ಮುಖ್ಯ ನ್ಯಾಯಮೂರ್ತಿಗೆ 10,000 ಆಯಿತು. ಆ 36 ವರ್ಷಗಳಲ್ಲಿ ಅಕ್ಕಿ, ಬೇಳೆ, ಮನೆ ಬಾಡಿಗೆ, ಮಕ್ಕಳ ಶುಲ್ಕ ಎಲ್ಲಿಂದೆಲ್ಲಿಗೆ ಹೋದವೆಂಬುದು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ವೇತನವನ್ನು ಯಾರೂ ಇಳಿಸಲಿಲ್ಲ. ಇಳಿಸುವ ಅಗತ್ಯವೇ ಬೀಳಲಿಲ್ಲ. ರೂಪಾಯಿಯೇ ಆ ಕೆಲಸವನ್ನು ಸದ್ದಿಲ್ಲದೆ ಮಾಡಿಬಿಟ್ಟಿತು.

ಇಲ್ಲಿ ನನಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ನೆನಪಾಗುತ್ತದೆ. ಅಚೌರ್ಯಾಣುವ್ರತಕ್ಕೆ ಅಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ. ನಾವು ವ್ಯಾಪಾರಿಗಳು ಇದನ್ನು ತಕ್ಕಡಿ, ಸೇರುಗಳಿಗೆ ಮಾತ್ರ ಅನ್ವಯಿಸಿಕೊಂಡು ಸಮಾಧಾನ ಪಡುತ್ತೇವೆ. ನನ್ನ ಅಂಗಡಿಯ ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ಇಲಾಖೆಯವರ ಮುದ್ರೆ ಬೀಳುತ್ತದೆ, ಆದುದರಿಂದ ನಾನು ನಿರ್ದೋಷಿ ಎಂದು ನಾನೂ ಬಹಳ ಕಾಲ ನಂಬಿದ್ದೆ. ಆದರೆ ಸಂಬಳವೂ ಒಂದು ಅಳತೆಯೇ ಅಲ್ಲವೇ? ಅದೇ ಸೇರು ಎಂದು ಹೇಳುತ್ತ ವರ್ಷ ವರ್ಷವೂ ಒಳಗಿನಿಂದ ಸೇರನ್ನು ಸಣ್ಣದು ಮಾಡುತ್ತ ಹೋದರೆ, ಸಂಖ್ಯೆ ಬದಲಾಗಲಿಲ್ಲವೆಂಬ ಸಮರ್ಥನೆ ನಿಲ್ಲುತ್ತದೆಯೇ?

ಈ ಮಾತನ್ನು ನಾನು ಗ್ರಂಥ ಓದಿ ಕಲಿಯಲಿಲ್ಲ, ಎಡವಿ ಕಲಿತೆ. ನಮ್ಮ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದ ಗುಮಾಸ್ತರೊಬ್ಬರಿದ್ದರು. ತಿಜೋರಿಯ ಬೀಗದ ಕೈ ಅವರ ಬಳಿಯೇ. ಒಂದು ದಿನವೂ ನಗದಿನಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದದ್ದಿಲ್ಲ. ಪೇಟೆ ಮಂದವಾಗಿದೆ ಎಂಬ ನೆಪದಲ್ಲಿ ನಾಲ್ಕು ವರ್ಷ ಅವರ ಸಂಬಳವನ್ನು ನಾನು ಏರಿಸಲಿಲ್ಲ, ಅವರೂ ಕೇಳಲಿಲ್ಲ. ಒಮ್ಮೆ ಖಾತೆಯಲ್ಲಿ ಒಂದು ಬಾಕಿಯನ್ನು ಎರಡು ಸಲ ಬರೆದಿದ್ದರು. ಅವರಿಂದ ಎಂದೂ ಆಗದಿದ್ದ ತಪ್ಪು. ವಿಚಾರಿಸಿದಾಗ ತಿಳಿಯಿತು, ಮಗಳ ಓದಿನ ಖರ್ಚಿಗಾಗಿ ರಾತ್ರಿ ಹನ್ನೊಂದರವರೆಗೆ ಬೇರೆ ಎರಡು ಅಂಗಡಿಗಳ ಲೆಕ್ಕವನ್ನೂ ಬರೆಯುತ್ತಿದ್ದರೆಂದು. ಆ ಮನುಷ್ಯ ತಿಜೋರಿಗೆ ಕೈ ಹಾಕಲಿಲ್ಲ, ತನ್ನ ನಿದ್ರೆಗೆ ಕೈ ಹಾಕಿಕೊಂಡಿದ್ದರು. ಅವರು ಪ್ರಾಮಾಣಿಕರಲ್ಲದಿದ್ದರೆ ನಾನು ಹೆದರಿಕೆಯಿಂದಲಾದರೂ ಹೆಚ್ಚು ಕೊಡುತ್ತಿದ್ದೆನೇನೋ! ಅವರ ಪ್ರಾಮಾಣಿಕತೆಯನ್ನು ನಾನು ನನ್ನ ಲಾಭದ ಬಾಬತ್ತಿಗೆ ಜಮಾ ಮಾಡಿಕೊಂಡಿದ್ದೆ. ಪ್ರತಿಕ್ರಮಣದಲ್ಲಿ ಅಚೌರ್ಯದ ಅತಿಚಾರಗಳನ್ನು ನೆನೆಯುವಾಗಲೆಲ್ಲ ಈಗ ಆ ನಾಲ್ಕು ವರ್ಷಗಳು ಎದುರು ನಿಲ್ಲುತ್ತವೆ.

ಇದರ ಬೆಳಕಿನಲ್ಲಿ ಮಿತ್ರರ ಮೊದಲನೆಯ ಪ್ರಶ್ನೆಯನ್ನು ನೋಡೋಣ. ಹೆಚ್ಚು ವೇತನ ಕೊಟ್ಟರೆ ಲಂಚ ನಿಲ್ಲುತ್ತದೆ ಎಂಬ ವಾದವನ್ನು ವೇತನ ಹೆಚ್ಚಿಸಬೇಕೆನ್ನುವವರೇ ಆಗಾಗ ಮುಂದಿಡುತ್ತಾರೆ. ಅದು ದುರ್ಬಲ ವಾದ. ಇಚ್ಛೆಗೆ ಮಿತಿಯಿಲ್ಲವೆಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ಎಂಬತ್ತು ಸಾವಿರಕ್ಕೆ ತೃಪ್ತನಾಗದವನು ಎಂಟು ಲಕ್ಷಕ್ಕೂ ತೃಪ್ತನಾಗಲಾರ. ಒಂದು ಸಂಗತಿಯನ್ನು ಗಮನಿಸಿ. ಅಧೀನ ನ್ಯಾಯಾಧೀಶರಿಗಾಗಿ 1996ರಲ್ಲಿ ರಚನೆಯಾದ ಮೊದಲನೆಯ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಅಧ್ಯಕ್ಷರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು. ಇದಕ್ಕೆ ಐದು ವರ್ಷ ಮೊದಲು, 1991ರಲ್ಲಿ, ಮದರಾಸು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಕೆ. ವೀರಾಸ್ವಾಮಿಯವರ ಪ್ರಕರಣದಲ್ಲಿ ಬಹುಮತದ ತೀರ್ಪನ್ನು ಬರೆದವರೂ ಇದೇ ಶೆಟ್ಟಿಯವರು. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೂ ಭ್ರಷ್ಟಾಚಾರ ನಿರೋಧ ಕಾಯಿದೆಯ ದೃಷ್ಟಿಯಲ್ಲಿ ಲೋಕಸೇವಕನೇ, ಆ ಕಾಯಿದೆಯಿಂದ ಅವನಿಗೆ ವಿನಾಯಿತಿಯಿಲ್ಲ ಎಂಬುದು ಆ ತೀರ್ಪಿನ ಸಾರ. ಭಾರತದ ಮುಖ್ಯ ನ್ಯಾಯಮೂರ್ತಿಯೊಡನೆ ಸಮಾಲೋಚಿಸದೆ ಮೊಕದ್ದಮೆ ಹೂಡಬಾರದೆಂಬ ಕಾವಲನ್ನೂ ಜೊತೆಗೆ ಇಟ್ಟರು. ಆ ಪ್ರಕರಣದ ಗುಣಾವಗುಣಗಳು ಇಲ್ಲಿ ಅಪ್ರಸ್ತುತ. ತಪ್ಪು ಮಾಡಿದವರನ್ನು ಕಾನೂನಿಗೆ ಒಳಪಡಿಸಬೇಕೆಂದ ಕೈಯೇ ನ್ಯಾಯಾಧೀಶರಿಗೆ ಯೋಗ್ಯ ವೇತನ ಕೊಡಬೇಕೆಂದೂ ಬರೆಯಿತು. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಲೋಭಿಗೆ ಮದ್ದು ಬೇರೆ. ವೇತನವಿರುವುದು ಲೋಭಿಯನ್ನು ಕೊಳ್ಳಲಿಕ್ಕಲ್ಲ; ಲೋಭವಿಲ್ಲದವನಿಂದ ನಾವು ಕದಿಯದಿರಲಿಕ್ಕೆ.

ಲೋಭದ ಮದ್ದಿನ ಮಾತು ಬಂದುದರಿಂದ ಒಂದು ಪ್ರಾಸಂಗಿಕ ವಿಚಾರ. ಶ್ರಾವಕನು ತನ್ನಲ್ಲಿ ಇರಬಹುದಾದ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳಿಗೆ ತಾನೇ ಒಂದು ಎಲ್ಲೆಯನ್ನು ಹಾಕಿಕೊಳ್ಳುವ ಪರಿಗ್ರಹ ಪರಿಮಾಣ ವ್ರತವನ್ನು ವಾಚಕರು ಬಲ್ಲರು. 2009ರಲ್ಲಿ ನ್ಯಾಯಮೂರ್ತಿಗಳ ಆಸ್ತಿ ವಿವರವನ್ನು ಬಹಿರಂಗಪಡಿಸಬೇಕೇ ಬೇಡವೇ ಎಂಬ ಚರ್ಚೆ ದೇಶದಲ್ಲೆಲ್ಲ ನಡೆದಾಗ, ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಡಿ. ವಿ. ಶೈಲೇಂದ್ರ ಕುಮಾರರು ಯಾರ ಅಪ್ಪಣೆಗೂ ಕಾಯದೆ ತಮ್ಮ ಆಸ್ತಿಯನ್ನು ತಾವೇ ಪ್ರಕಟಿಸಿದರು. ಅದೇ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೂ ಆಸ್ತಿ ವಿವರ ಪ್ರಕಟಿಸಲು ಒಪ್ಪಿದರು. ಇದು ಪರಿಮಾಣ ವ್ರತವಲ್ಲ, ಇಲ್ಲಿ ಎಲ್ಲೆಯೇನೂ ಇಲ್ಲ. ಆದರೂ ನನ್ನಲ್ಲಿ ಇಷ್ಟಿದೆ ಎಂದು ನಾಲ್ವರ ಮುಂದೆ ಹೇಳುವುದು ಆ ವ್ರತದ ಮೊದಲ ಮೆಟ್ಟಿಲು. ನಮ್ಮ ವ್ಯಾಪಾರಿ ಬಂಧುಗಳಲ್ಲಿ ಎಷ್ಟು ಮಂದಿ ಈ ಮೆಟ್ಟಿಲನ್ನು ಹತ್ತಲು ಸಿದ್ಧರಿದ್ದೇವೆ ಎಂಬುದನ್ನು ಇಲ್ಲಿ ಚರ್ಚಿಸದಿರುವುದೇ ಕ್ಷೇಮ!

ಇನ್ನು ಎರಡನೆಯ ಪ್ರಶ್ನೆ, ಕಠಿಣವಾದದ್ದು ಇದೇ. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬುದು ಹಳ್ಳಿಯ ಪಂಚಾಯಿತಿಯವರಿಗೂ ತಿಳಿದ ತತ್ತ್ವ. ಅಖಿಲ ಭಾರತ ನ್ಯಾಯಾಧೀಶರ ಸಂಘವು 1989ರಲ್ಲಿ ಅರ್ಜಿ ಸಲ್ಲಿಸಿತು. 1991ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಧೀನ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 60ಕ್ಕೆ ಏರಿಸುವಂತೆಯೂ ವಸತಿ, ಗ್ರಂಥಗಳ ವ್ಯವಸ್ಥೆ ಮಾಡುವಂತೆಯೂ ಹೇಳಿತು. ಇದು ಕಾರ್ಯಾಂಗದ ಅಧಿಕಾರದೊಳಗೆ ಕಾಲಿಟ್ಟಂತಾಯಿತು ಎಂದು ಸರಕಾರಗಳು ಪುನರ್ವಿಮರ್ಶೆ ಕೋರಿದುವು. ನ್ಯಾಯಾಧೀಶರು ಸಾಮಾನ್ಯ ಅರ್ಥದ ನೌಕರರಲ್ಲ, ರಾಜ್ಯದ ಸಾರ್ವಭೌಮ ಕಾರ್ಯವನ್ನು ನಡೆಸುವವರು. ಅವರನ್ನು ಹೋಲಿಸಬೇಕಾದದ್ದು ಮಂತ್ರಿಗಳೊಡನೆ, ಶಾಸಕರೊಡನೆಯೇ ಹೊರತು ಕಚೇರಿಯ ಸಿಬ್ಬಂದಿಯೊಡನಲ್ಲ ಎಂದು 1993ರಲ್ಲಿ ನ್ಯಾಯಾಲಯ ಉತ್ತರಿಸಿತು. ಆ ಬಳಿಕವೇ ಶೆಟ್ಟಿ ಆಯೋಗ ಹುಟ್ಟಿದ್ದು. ಅದು 1999ರ ನವೆಂಬರಿನಲ್ಲಿ ವರದಿ ಕೊಟ್ಟಿತು; 2002ರ ಮಾರ್ಚ್ 21ರಂದು ನ್ಯಾಯಾಲಯ ಅದನ್ನು ಬಹುಮಟ್ಟಿಗೆ ಒಪ್ಪಿತು. ಸಿವಿಲ್ ನ್ಯಾಯಾಧೀಶರ ಆರಂಭದ ವೇತನ 9,000 ರೂಪಾಯಿ ಎಂದಾಯಿತು. ವೆಚ್ಚದ ಅರ್ಧವನ್ನು ಕೇಂದ್ರವೇ ಹೊರಬೇಕೆಂಬ ಆಯೋಗದ ಸಲಹೆಯನ್ನು ಮಾತ್ರ ಒಪ್ಪಲಿಲ್ಲ. ಹೊರೆ ರಾಜ್ಯಗಳ ಹೆಗಲಿಗೇ ಬಿತ್ತು.

ಅರ್ಜಿದಾರರು ನ್ಯಾಯಾಧೀಶರು, ತೀರ್ಪು ಕೊಟ್ಟವರು ನ್ಯಾಯಮೂರ್ತಿಗಳು, ಆಯೋಗದ ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿಗಳು. ಮೇಲಿನ ನ್ಯಾಯಾಲಯದವರು ತಮ್ಮ ಸ್ವಂತ ಸಂಬಳವನ್ನು ಏರಿಸಿಕೊಳ್ಳಲಿಲ್ಲ, ಕೆಳಗಿನವರದನ್ನು ಏರಿಸಿದರು ಎಂಬ ವ್ಯತ್ಯಾಸವನ್ನು ಮರೆಯಲಾಗದು. ಆದರೂ ಒಂದೇ ಕುಟುಂಬದ ಹಿರಿಯಣ್ಣ ಕಿರಿಯ ತಮ್ಮನ ಪಾಲನ್ನು ನಿಶ್ಚಯಿಸಿದಂತೆ ಕಾಣುತ್ತದೆ ಎಂಬ ನನ್ನ ಮಿತ್ರರ ಅಸಮಾಧಾನ ಪೂರ್ತಿ ನಿರಾಧಾರವೇನಲ್ಲ.

ಈ ಇಕ್ಕಟ್ಟು ನಮಗೆ ಮಾತ್ರ ಬಂದದ್ದಲ್ಲ. ಹಣದುಬ್ಬರಕ್ಕೆ ತಕ್ಕಂತೆ ತಮಗೆ ಬರಬೇಕಾಗಿದ್ದ ಏರಿಕೆಯನ್ನು ಅಮೆರಿಕದ ಕಾಂಗ್ರೆಸ್ ನಾಲ್ಕು ವರ್ಷ ತಡೆದುದನ್ನು ಪ್ರಶ್ನಿಸಿ ಅಲ್ಲಿನ ಫೆಡರಲ್ ನ್ಯಾಯಾಧೀಶರು ಮೊಕದ್ದಮೆ ಹೂಡಿದ್ದರು. ಆ ಮೊಕದ್ದಮೆಯನ್ನು ಯಾವ ನ್ಯಾಯಾಧೀಶರು ಕೇಳಿದರೂ ಅವರಿಗೆ ಅದರಲ್ಲಿ ಸ್ವಾರ್ಥವುಂಟು! ಯಾರೂ ಕೇಳದಿದ್ದರೆ ನ್ಯಾಯವೇ ಇಲ್ಲದಂತಾಗುವುದರಿಂದ, ಅನಿವಾರ್ಯತೆಯ ನಿಯಮದಂತೆ ತಾವೇ ಕೇಳಬೇಕಾಗಿದೆ ಎಂದು 1980ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕೇಳಿ, ನಾಲ್ಕು ವರ್ಷಗಳ ಪೈಕಿ ಎರಡಕ್ಕೆ ತಮ್ಮ ಪರವಾಗಿಯೂ ಎರಡಕ್ಕೆ ತಮ್ಮ ವಿರುದ್ಧವಾಗಿಯೂ ತೀರ್ಪಿತ್ತರು. ಅನಿವಾರ್ಯವಾದುದನ್ನು ಸಂಕೋಚದಿಂದ ಮಾಡುವುದಕ್ಕೂ ಹಕ್ಕೆಂದು ಮಾಡುವುದಕ್ಕೂ ಇರುವ ಅಂತರ ಅಲ್ಪವಲ್ಲ. ಭಾವವೇ ಬಂಧಕ್ಕೂ ನಿರ್ಜರೆಗೂ ಕಾರಣವೆಂದು ನಂಬಿದವರಿಗೆ ಇದು ಸುಲಭವಾಗಿ ಅರ್ಥವಾದೀತು.

ಹಾಗಾದರೆ ಶಾಸನಸಭೆಯೇ ಎಲ್ಲವನ್ನೂ ನಿಶ್ಚಯಿಸಲಿ ಎನ್ನೋಣವೇ? ಆ ಸಭೆ ತನ್ನ ವಿಷಯದಲ್ಲಿ ಹೇಗೆ ನಡೆದುಕೊಂಡಿತೆಂಬುದನ್ನು ನಾವು ಎರಡು ಸಲ ಕಂಡಿದ್ದೇವೆ. 2022ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಸಕರ ಸಂಬಳ 25,000ದಿಂದ 40,000ಕ್ಕೆ ಏರಿತು. 2025ರ ಮಾರ್ಚ್ 21ರಂದು ಅದು 80,000ಕ್ಕೂ ಮುಖ್ಯಮಂತ್ರಿಗಳದು 75,000ದಿಂದ 1,50,000ಕ್ಕೂ ಏರುವ ಮಸೂದೆಗಳಿಗೆ ವಿಧಾನಸಭೆ ಅಂಗೀಕಾರವಿತ್ತಿತು. ಮೊದಲ ಸಲ ಆಳುತ್ತಿದ್ದ ಪಕ್ಷ ಒಂದು, ಎರಡನೆಯ ಸಲ ಇನ್ನೊಂದು. ಎರಡು ಸಲವೂ ಸದನದಲ್ಲಿ ಬೇರೆ ಕಾರಣಕ್ಕೆ ಗದ್ದಲವೆದ್ದಿತ್ತು. ಎರಡು ಸಲವೂ ಆ ಗದ್ದಲದ ನಡುವೆಯೇ ಚರ್ಚೆಯಿಲ್ಲದೆ ಮಸೂದೆಗಳು ದಾಟಿದುವು. ಶಾಸಕರಿಗೆ ಸಂಬಳ ಬೇಡವೆಂದು ನಾನು ಹೇಳುತ್ತಿಲ್ಲ, ಅದೇ ಹಣದುಬ್ಬರ ಅವರ ಮನೆಯಲ್ಲೂ ಉಂಟು. ಆದರೆ ಕೇಳುವವನೂ ಕೊಡುವವನೂ ಒಬ್ಬನೇ ಆದಾಗ ಮಾತು ಎಷ್ಟು ಬೇಗ ಮುಗಿಯುತ್ತದೆ ನೋಡಿ. ಅಮೆರಿಕದವರು ಇದಕ್ಕೊಂದು ತಡೆ ಇಟ್ಟಿದ್ದಾರೆ: ತಮ್ಮ ವೇತನವನ್ನು ಬದಲಿಸುವ ಕಾನೂನನ್ನು ಕಾಂಗ್ರೆಸ್ ಮಾಡಿದರೂ ನಡುವೆ ಒಂದು ಚುನಾವಣೆ ಆಗುವವರೆಗೆ ಅದು ಜಾರಿಗೆ ಬರದು. 1789ರಲ್ಲಿ ಸೂಚಿತವಾದ ಈ ತಿದ್ದುಪಡಿ 1992ರಲ್ಲಿ ಅನುಮೋದನೆ ಪಡೆಯಿತು. ಇನ್ನೂರ ಮೂರು ವರ್ಷ! ಬ್ರಿಟನ್ನಿನಲ್ಲಿ 2009ರ ಕಾಯಿದೆಯಿಂದ ಹುಟ್ಟಿದ ಸ್ವತಂತ್ರ ಪ್ರಾಧಿಕಾರವೊಂದು ಸಂಸದರ ವೇತನವನ್ನು ಗೊತ್ತುಮಾಡುತ್ತದೆ.

ಜನರನ್ನೇ ಕೇಳಿಬಿಡಬಹುದಲ್ಲ ಎನ್ನುವವರಿದ್ದಾರೆ. ಅಮೆರಿಕದ ಸಂಸ್ಥಾನಗಳಲ್ಲಿ ಇಂಥ ಪ್ರಸ್ತಾವಗಳನ್ನು ಚುನಾವಣೆಯ ದಿನ ಮತಪತ್ರದಲ್ಲಿಯೇ ಅಚ್ಚುಮಾಡಿ ಒಪ್ಪಿಗೆ ಕೇಳುವ ಪದ್ಧತಿಯುಂಟು. ಅರಿಜೋನಾದ ಮತದಾರರು ಶಾಸಕರಿಗೆ ವರ್ಷಕ್ಕೆ 24,000 ಡಾಲರ್ ಕೊಡಲು 1998ರಲ್ಲಿ ಒಪ್ಪಿದರು. ಆಮೇಲೆ ಬಂದ ಏರಿಕೆಯ ಪ್ರಸ್ತಾವಗಳನ್ನು ಒಂದಾದ ಮೇಲೊಂದರಂತೆ ತಳ್ಳಿಹಾಕಿದರು. ಶಾಸಕರ ಗತಿಯೇ ಹೀಗಾದರೆ ನ್ಯಾಯಾಧೀಶರ ಗತಿಯೇನು? ಪ್ರತಿಯೊಂದು ವ್ಯಾಜ್ಯದಲ್ಲಿಯೂ ಸೋತವನೊಬ್ಬ ಇರುತ್ತಾನೆ. ಸೋತವನ ಮತದಿಂದ ನ್ಯಾಯಾಧೀಶನ ಸಂಬಳ ನಿಶ್ಚಯವಾಗುವುದಾದರೆ, ತೀರ್ಪು ಬರೆಯುವ ಲೇಖನಿ ಒಮ್ಮೆಯಾದರೂ ತಡವರಿಸಿತು. ನಾನೇ ಒಮ್ಮೆ ಚೆಕ್ಕು ಅಮಾನ್ಯವಾದ ದಾವೆಯೊಂದರಲ್ಲಿ ವರ್ಷಗಟ್ಟಲೆ ಅಲೆದು, ಕಡೆಗೆ ಕಾಗದವೊಂದರ ಕೊರತೆಯಿಂದ ಸೋತು ಹೊರಬಂದೆ. ಕಡತದ ರಾಶಿಯ ಹಿಂದೆ ತಲೆಯಷ್ಟೇ ಕಾಣುತ್ತಿದ್ದ ಆ ಯುವ ನ್ಯಾಯಾಧೀಶರ ಸಂಬಳಕ್ಕೆ ಅಂದು ಸಂಜೆ ನನ್ನ ಮತ ಕೇಳಿದ್ದರೆ ಏನು ಹೇಳುತ್ತಿದ್ದೆನೆಂದು ಬರೆಯಲು ನಾಚಿಕೆಯಾಗುತ್ತದೆ. ಅವರು ಕೊಟ್ಟ ತೀರ್ಪು ಸರಿಯಾಗಿಯೇ ಇತ್ತು.

ನನಗೆ ಮೆಚ್ಚುಗೆಯಾದದ್ದು ಅದೇ ಅಮೆರಿಕದ ವಾಷಿಂಗ್ಟನ್ ಸಂಸ್ಥಾನದ ಮತದಾರರು 1986ರಲ್ಲಿ ಮಾಡಿದ ಕೆಲಸ. ಅವರು ಸಂಬಳವನ್ನು ಮತಕ್ಕೆ ಹಾಕಿಕೊಳ್ಳಲಿಲ್ಲ, ಸಂಬಳ ನಿಶ್ಚಯಿಸುವ ವಿಧಾನಕ್ಕೆ ಮತವಿತ್ತರು. ನ್ಯಾಯಾಧೀಶರು, ಶಾಸಕರು, ಇತರ ಚುನಾಯಿತ ಅಧಿಕಾರಿಗಳ ವೇತನವನ್ನು ಗೊತ್ತುಮಾಡಲು ನಾಗರಿಕರ ಆಯೋಗವೊಂದು ಆ ಸಂವಿಧಾನ ತಿದ್ದುಪಡಿಯಿಂದ ಏರ್ಪಟ್ಟಿತು. ಅದರ ಸದಸ್ಯರಲ್ಲಿ ಹಲವರನ್ನು ಮತದಾರರ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸುತ್ತಾರೆ. ಸರಕಾರಿ ಅಧಿಕಾರಿಗಳಿಗೆ ಅಲ್ಲಿ ಪ್ರವೇಶವಿಲ್ಲ. ಕೊಡುವವನೂ ಅಲ್ಲ, ಪಡೆಯುವವನೂ ಅಲ್ಲ, ನಾಳೆ ಕಟಕಟೆಯ ಮುಂದೆ ನಿಲ್ಲಬೇಕಾದ ಸರಕಾರವೂ ಅಲ್ಲ.

ಇದು ನಮಗೆ ಅಪರಿಚಿತವೆಂದು ಯಾರೂ ತಿಳಿಯಬಾರದು. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಲೇತ್ ತಿರುಗಿಸುವ ಕಾರ್ಮಿಕನ ಕನಿಷ್ಠ ಕೂಲಿಯ ವಿಷಯದಲ್ಲಿ 1948ರ ಕಾಯಿದೆಯೇ ಈ ವಿವೇಕವನ್ನು ತೋರಿತ್ತು. ಸಲಹಾ ಸಮಿತಿಯಲ್ಲಿ ಮಾಲೀಕರು ಎಷ್ಟೋ ಕಾರ್ಮಿಕರೂ ಅಷ್ಟೇ, ಅವರೊಡನೆ ಎರಡೂ ಕಡೆಗೆ ಸೇರದ ತಟಸ್ಥರು ಕೆಲವರು. ಮಾಲೀಕನೊಬ್ಬನೇ ಕೂಲಿ ಗೊತ್ತುಮಾಡಿದರೆ ಕಿರಿದಾಗುತ್ತದೆ, ಕಾರ್ಮಿಕನೊಬ್ಬನೇ ಮಾಡಿದರೆ ಹಿರಿದಾಗುತ್ತದೆ ಎಂಬ ಅರಿವು ಅದರ ಹಿಂದಿದೆ. ನ್ಯಾಯಾಧೀಶರ ವೇತನ ಆಯೋಗದಲ್ಲಿಯೂ ಒಬ್ಬ ಶಾಲಾ ಉಪಾಧ್ಯಾಯ, ಒಬ್ಬ ರೈತ, ಒಬ್ಬ ಲೆಕ್ಕಪರಿಶೋಧಕ, ಒಬ್ಬ ಕಾರ್ಮಿಕ ಕುಳಿತರೆ ಕೆಡುವುದೇನು? ನ್ಯಾಯಾಧೀಶರಿಗೆ ಆಗ ಕಡಿಮೆ ಸಿಕ್ಕೀತೆಂಬ ಭಯ ನನಗಿಲ್ಲ. 2002ರ ಆ ತೀರ್ಪಿನಲ್ಲಿಯೇ ಇನ್ನೊಂದು ಆದೇಶವಿತ್ತು: ಹತ್ತು ಲಕ್ಷ ಜನಕ್ಕೆ ಸುಮಾರು 10.5 ಅಥವಾ 13 ಇದ್ದ ನ್ಯಾಯಾಧೀಶರ ಸಂಖ್ಯೆಯನ್ನು ಐದು ವರ್ಷಗಳಲ್ಲಿ 50ಕ್ಕೆ ಏರಿಸಬೇಕೆಂದು. ಇಷ್ಟು ವರ್ಷಗಳಾದರೂ ಅದರ ಅರ್ಧವನ್ನು ಮುಟ್ಟಿಲ್ಲ. ವೇತನದ ಮಾತು ಪತ್ರಿಕೆಯಲ್ಲಿ ಬಂದಾಗ ಕೆರಳುವ ನಾವು, ಒಬ್ಬರ ಮೇಲೆ ನಾಲ್ವರ ಹೊರೆ ಹೊರಿಸಿರುವುದನ್ನು ಕಂಡು ಕೆರಳುವುದಿಲ್ಲ. ಜನರಲ್ಲಿ ನಾಲ್ವರು ಒಳಗೆ ಹೋಗಿ ಕುಳಿತು ಆ ಕಡತಗಳ ರಾಶಿಯನ್ನು ಕಣ್ಣಾರೆ ಕಂಡರೆ ಕೈ ಬಿಗಿಹಿಡಿಯುವರೆಂದು ತೋರುವುದಿಲ್ಲ.

ಎಂಟನೆಯ ಕೇಂದ್ರ ವೇತನ ಆಯೋಗಕ್ಕೆ 2025ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಹಿಂದಿನ ಅನುಭವವನ್ನು ನೋಡಿದರೆ ಅದರ ಬೆನ್ನಿಗೆ ನ್ಯಾಯಾಧೀಶರ ವೇತನದ ಪ್ರಶ್ನೆಯೂ ಮತ್ತೆ ಏಳುವುದು ಖಂಡಿತ. ನನ್ನ ಮಿತ್ರರಿಗೆ ಇದನ್ನೆಲ್ಲ ಒಂದು ಭಾನುವಾರ ಓದಿ ಹೇಳಿದೆ. ಎರಡನೆಯ ಭಾಗವನ್ನು ಅವರು ಒಪ್ಪಿದರು. ಮೊದಲನೆಯದನ್ನು ಇನ್ನೂ ಪೂರ್ತಿಯಾಗಿ ಒಪ್ಪಿಲ್ಲ. ಹೊರಡುವಾಗ ಮಾತ್ರ, "ನಿಮ್ಮ ಆ ಗುಮಾಸ್ತರಿಗೆ ಆಮೇಲೆ ಎಷ್ಟು ಕೊಟ್ಟಿರಿ?" ಎಂದು ಕೇಳಿದರು. ನಾನು ನಿಶ್ಚಯಿಸಲಿಲ್ಲ, ನಮ್ಮ ಲಾಭನಷ್ಟದಲ್ಲಿ ಪಾಲಿಲ್ಲದ ನೆರೆಯ ಅಂಗಡಿಯ ಹಿರಿಯರಿಗೆ ಒಪ್ಪಿಸಿದೆ, ಹಿಂದಿನ ನಾಲ್ಕು ವರ್ಷಗಳ ಬಾಕಿಯನ್ನೂ ಅವರೇ ಲೆಕ್ಕ ಹಾಕಿದರು ಎಂದೆ. ಮೊತ್ತ ಎಷ್ಟೆಂದು ಅವರು ಮತ್ತೆ ಕೇಳಿದರು. ನಾನು ಎಣಿಸಿದ್ದಕ್ಕಿಂತ ಹೆಚ್ಚೇ ಇತ್ತು ಎಂದಷ್ಟೇ ಹೇಳಿದೆ.